ಸಂಗವ್ವನ ಖಾನಾವಳಿಯ ಮೊದಲ ತಾಟು

“ಊಟದಾಗ ಏನ್ ಕಡಿಮಿ ಆಗೇತಿ ಹೇಳ್ರಿ. ಹೇಳೂತನಕ ನಿಮ್ಮನ್ನ ಹೊರಗ ಬಿಡೂದಿಲ್ಲ!”

ಕೈ ತೊಳೆಯುವ ನಳಕ್ಕೆ ಅಡ್ಡಲಾಗಿ ನಿಂತಿದ್ದಳು ದಾಕ್ಷಾಯಿಣಿ. ಒಂದು ಕೈಯಲ್ಲಿ ರೊಟ್ಟಿ ಬುಟ್ಟಿ, ಇನ್ನೊಂದು ಕೈ ಸೊಂಟದ ಮೇಲೆ. ಎದುರಿಗೆ ಎಂಜಲುಗೈ ಎತ್ತಿ ಹಿಡಿದು ನಿಂತ ಯುವಕನಿಗೆ ನಳವೂ ಸಿಗದು, ದಾರಿಯೂ ಸಿಗದು.

“ನಾ... ಇವತ್ತ ಮೊದಲನೇ ಸಲ ಬಂದೇನ್ರಿ.”

“ಅದಕ್ಕಽ ಕೇಳಾಕತ್ತೇನಿ. ಹಳೇ ಗಿರಾಕಿಗೆ ಸಂಕೋಚ ಇರ್ತೈತಿ. ನಿಮಗೇನ್ರಿ ಸಂಕೋಚ?”

ಅವನು ಅವಳನ್ನು ನೋಡಿದ. ಕೆನ್ನೆಗೆ ಜೋಳದ ಹಿಟ್ಟು ಮೆತ್ತಿತ್ತು. ಕಣ್ಣಲ್ಲಿ ಸಿಟ್ಟು... ಆ ಸಿಟ್ಟಿನ ಹಿಂದೆ ಹೆದರಿಕೆ! ಅದು ಅವನಿಗೆ ಕಂಡುಬಿಟ್ಟಿತು.

“ನಮ್ಮ ಮನ್ಯಾಗ ಊಟಕ್ಕ ಹೆಸರ ಇಡೂದು, ಕೊರತಿ ಹೇಳೂದು ಇಲ್ರಿ. ಪ್ರಸಾದ ಅಂತೀವಿ.”

“ಹಂಗಾರ ಛಲೋ ಇತ್ತೇನು?”

ಬಾಯಿ ತೆರೆದ. ಮುಚ್ಚಿದ. ಕಡೆಗೆ, “ಹೊಟ್ಟಿ ತುಂಬೇತ್ರಿ,” ಅಂದ.

ಅಯ್ಯೋ, ಇದೂ ಒಂದು ಉತ್ತರವೇ!

ಪಾಪ, ದಾಕ್ಷಾಯಿಣಿಗೆ ಉತ್ತರ ಬೇಕೇ ಬೇಕಿತ್ತು. ಧಾರವಾಡದ ಸಪ್ತಾಪುರದ ಆ ಖಾನಾವಳಿಯನ್ನು ಇಷ್ಟು ವರ್ಷ ನಡೆಸಿದವಳು ಅವಳ ತಾಯಿ ಸಂಗವ್ವ. ಈಗ ಸಂಗವ್ವನ ಕೈಬೆರಳು ಮಡಚುವುದಿಲ್ಲ, ರೊಟ್ಟಿ ತಟ್ಟಲಾಗುವುದಿಲ್ಲ. ಡಾಕ್ಟರು ಎಣ್ಣೆ, ಖಾರ ಬಿಡಿಸಿ ಗಂಜಿ ಹಿಡಿಸಿದ್ದಾರೆ. ಒಲೆ ಮಗಳ ಪಾಲಿಗೆ ಬಂದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗತೊಡಗಿದರು.

ಜಾಗ ಸೋದರಮಾವ ಬಸವಪ್ರಭುವಿನದು. ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. “ಬಸವ ಜಯಂತಿ ತನಕ ನೋಡ್ತೇನಿ. ಮಂದಿ ಬರಲಿಲ್ಲಂದ್ರ ಮೊಬೈಲ್ ಅಂಗಡಿಯವ್ರಿಗೆ ಕೊಡ್ತೇನಿ. ಆಮ್ಯಾಲೆ ಅಳಬ್ಯಾಡ.”

ಅದಕ್ಕೇ ನಳದ ಮೇಲೆ ಬೋರ್ಡು ಹಾಕಿದ್ದಳು: ‘ನಮ್ಮ ಊಟದಲ್ಲಿ ಏನು ಕೊರತೆ? ದಯವಿಟ್ಟು ಹೇಳಿ.’ ಬೋರ್ಡು ಓದಿದವರೆಲ್ಲ, “ಭಾಳ ಛಲೋ ಐತ್ರಿ ಅಕ್ಕಾರ,” ಅನ್ನುತ್ತಿದ್ದರು. ಮರುದಿನ ಬೇರೆ ಖಾನಾವಳಿಗೆ ಹೋಗುತ್ತಿದ್ದರು! ನಮ್ಮ ಧಾರವಾಡದವರ ಮರ್ಯಾದೆ ಅಂದರೆ ಹೀಗೆ. ನೊಂದುಕೊಳ್ಳುತ್ತಾಳೆ ಅಂತ ಬಾಯಿ ಬಿಡುವುದಿಲ್ಲ, ಅವಳ ಖಾನಾವಳಿ ಮುಚ್ಚಿದರೂ ಚಿಂತೆಯಿಲ್ಲ.

ಆದರೆ ಆ ‘ಹೊಟ್ಟಿ ತುಂಬೇತ್ರಿ’ ಮನುಷ್ಯ ಮಾತ್ರ ಮರುದಿನವೂ ಬಂದ. ಅದರ ಮರುದಿನವೂ.

ಹೆಸರು ಶಿವಯೋಗೀಶ. ಮುಗದ ಹಳ್ಳಿಯ ಒಕ್ಕಲುತನದ ಮನೆಯವನು. ಬೀಜ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಹತ್ತಿರದಲ್ಲೇ ಬಾಡಿಗೆ ರೂಮು. ತಾಟಿನಲ್ಲಿ ಒಂದಗುಳು ಬಿಡುತ್ತಿರಲಿಲ್ಲ. ರೊಟ್ಟಿಗೆ ಬದನೆಕಾಯಿಯ ಎಣಗಾಯಿ ಹಚ್ಚಿಕೊಂಡು ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವಳು ಬಡಿಸಲು ಬಂದಾಗ ಮಾತ್ರ ತಲೆ ಎತ್ತುತ್ತಿದ್ದ.

“ಇವತ್ತರ ಹೇಳ್ತೀರೇನು?”

“ಇನ್ನೊಂದು ರೊಟ್ಟಿ ಹಾಕ್ರಿ.”

ಅವನು ನಗುತ್ತಿದ್ದ. ಅವಳಿಗೂ ನಗು ಬರುತ್ತಿತ್ತು. ಬರಬರುತ್ತ ಮಧ್ಯಾಹ್ನವಾದರೆ ಸಾಕು, ಅವಳ ಕಣ್ಣು ಬಾಗಿಲ ಕಡೆಗೆ! ‘ಇವನೊಬ್ಬನಿಗಾದರೂ ನನ್ನ ಕೈಯೂಟ ಸೇರುತ್ತದಲ್ಲ...’ ಅಂದುಕೊಳ್ಳುವಳು. ಸುಮ್ಮನೆ ರೊಟ್ಟಿ ತಟ್ಟುವಾಗಲೂ ಎದೆ ಹಗುರ.

ಹಾಗಿರುವಾಗ ಒಂದು ದಿನ ಮಾಳಮಡ್ಡಿ ಬಡಾವಣೆಯ ಮನೆಯೊಂದಕ್ಕೆ ಶೇಂಗಾ ಹೋಳಿಗೆ ಕೊಡಲು ಹೋದಳು. ಬರುವಾಗ ಅಲ್ಲಿಯ ಬೀರವ್ವನ ಖಾನಾವಳಿಯ ಮುಂದೆ ಅವಳ ಸ್ಕೂಟಿ ತಾನಾಗಿಯೇ ನಿಂತಿತು.

ಒಳಗೆ ಶಿವಯೋಗೀಶ! ಮುಂದೆ ಎಣಗಾಯಿಯ ತಾಟು.

“ಬೀರವ್ವಾರ, ಎಣಗಾಯಿ ಭಾಳ ಛಲೋ ಐತ್ರಿ!” ಎಂದು ಬಾಯ್ತುಂಬ ಹೇಳುತ್ತಿದ್ದ.

ದಾಕ್ಷಾಯಿಣಿಯ ಕಣ್ಣು ತುಂಬಿ ಬಂತು. ‘ಇಷ್ಟು ದಿನ ಕೇಳಿದೆ... ಬೇಡಿಕೊಂಡೆ. ನನ್ನ ಊಟಕ್ಕೆ ಛಲೋ ಅನ್ನುವ ಒಂದು ಮಾತು ಬರಲಿಲ್ಲ. ಇಲ್ಲಿ ಅದು ಸಲೀಸಾಗಿ ಬರುತ್ತದೆ!’

ಮರುದಿನ ಅವನು ಬಂದು ಕೂತ. ಇವಳು ತಾಟನ್ನು ಅವನ ಮುಂದೆ ಕುಕ್ಕಿದಳು.

“ನಿಮ್ಮ ಬಾಯಿ ಮಾಳಮಡ್ಡ್ಯಾಗ ಅಷ್ಟಽ ತೆರೀತೈತೇನು?”

“ಅದು... ನಾ ಅಲ್ಲಿ ಹೋದದ್ದು...”

“ಏನೂ ಹೇಳಬ್ಯಾಡ್ರಿ! ನನ್ನ ಮ್ಯಾಲೆ ಕನಿಕರ ಮಾಡಿ ಉಣ್ಣೂದು ಬ್ಯಾಡ. ನಾಳಿಂದ ಊಟಕ್ಕ ಬರಬ್ಯಾಡ್ರಿ.”

ಅವನು ತಾಟಿನಲ್ಲಿದ್ದದ್ದನ್ನು ಪೂರಾ ಉಂಡು ಎದ್ದು ಹೋದ.

ಮರುದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಬರಬೇಡ ಅಂದವಳೇ ದಿನವೂ ಬಾಗಿಲು ನೋಡಿದಳು. ಇದಕ್ಕೇನು ಹೇಳೋಣ! ಖಾನಾವಳಿ ಹೋಗುತ್ತದೆ ಅನ್ನುವ ಸಂಕಟಕ್ಕಿಂತ ಅವನ ಖುರ್ಚಿ ಖಾಲಿ ಇರುವುದೇ ಹೆಚ್ಚು ಚುಚ್ಚಿತು.

ಬಸವ ಜಯಂತಿಗೆ ಹದಿನೈದು ದಿನ ಉಳಿದಿತ್ತು. ಒಂದು ಬೆಳಿಗ್ಗೆ, ಗಿರಾಕಿಗಳು ಬರುವ ಹೊತ್ತಿಗಿಂತ ಮುಂಚೆಯೇ ಶಿವಯೋಗೀಶ ಬಾಗಿಲಲ್ಲಿ ನಿಂತಿದ್ದ.

“ಊಟಕ್ಕ ಬರಬ್ಯಾಡ ಅಂದೀರಿ. ಬಡಸಾಕ ಬಂದೇನಿ,” ಅಂದ. “ಲಿಂಗಕ್ಕ ಎಡಿ ಆತೇನ್ರಿ?”

“ಆಗೇತಿ... ಯಾಕ?”

“ಹಂಗಾರ ಕುಂಡ್ರಿ. ಇವತ್ತ ಮೊದಲನೇ ತಾಟು ನಿಮ್ಮದು.”

ದಾಕ್ಷಾಯಿಣಿ ತಾಯಿಯ ಕಡೆ ನೋಡಿದಳು. ಮೂಲೆಯಲ್ಲಿ ಕೂತ ಸಂಗವ್ವ, “ಕುಂಡ್ರು,” ಎಂದಳು ಮೆಲ್ಲಗೆ.

ಆ ಮನೆಯಲ್ಲಿ ಲಿಂಗಕ್ಕೆ ಎಡೆ ಮಾಡುವ ಮೊದಲು ಅಡುಗೆಯ ರುಚಿ ನೋಡುವ ಪದ್ಧತಿಯಿಲ್ಲ. ಎಡೆ ಆದ ಮೇಲೆ ಗಿರಾಕಿಗಳ ಗಡಿಬಿಡಿ. ಅಡುಗೆ ಮಾಡಿದವಳು ಉಣ್ಣುವುದು ಎಲ್ಲರೂ ಹೋದ ಮೇಲೆ, ನಿಂತುಕೊಂಡು, ಉಳಿದದ್ದಕ್ಕೆಲ್ಲ ಮೊಸರು ಸುರಿದು. ತನ್ನ ಎಣಗಾಯಿಯನ್ನು ಗಿರಾಕಿಯ ಹಾಗೆ ಕೂತು, ಬಿಸಿಬಿಸಿಯಾಗಿ ಅವಳು ಒಂದು ದಿನವೂ ಉಂಡಿರಲಿಲ್ಲ!

ಅವನು ರೊಟ್ಟಿ ಹಾಕಿದ, ಎಣಗಾಯಿ ಹಾಕಿದ. ಅವಳ ಕೈ ಅಭ್ಯಾಸದಂತೆ ಮೊಸರಿನ ಬಟ್ಟಲಿಗೆ ಹೋಯಿತು. ಬಟ್ಟಲನ್ನು ಆಚೆ ಸರಿಸಿದ.

“ಮೊಸರ ಆಮ್ಯಾಲೆ.”

ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ಅಗಿಯುವುದು ನಿಂತಿತು.

“ಕಹಿ...!”

ಅವನು ನೀರಿನ ಲೋಟ ಅವಳ ಮುಂದೆ ಸರಿಸಿದ.

“ಮಸಾಲಿಗೆ ಹಾಕಿದ ಗುರೆಳ್ಳು ಹೊತ್ತೇತಿ. ರೊಟ್ಟಿ ಮಾಡೋ ಗಡಿಬಿಡ್ಯಾಗ ಗ್ಯಾಸಿನ ಮ್ಯಾಲೆ ದೊಡ್ಡ ಉರಿಯಾಗ ಹುರೀತೇನಿ... ಅವ್ವ ಸಣ್ಣ ಉರಿಯಾಗ ಹುರೀತಿದ್ಲು. ದಿನಾ ಹಿಂಗಽ ಇತ್ತೇನು? ನೀವು ಬಂದ ಮೊದಲನೇ ದಿನಾನೂ?”

ಶಿವಯೋಗೀಶ ನೆಲ ನೋಡಿದ. ಅಷ್ಟೇ ಸಾಕಾಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮತ್ತ ಮಾಳಮಡ್ಡಿಗೆ?”

“ಈ ವರ್ಷದ ಗುರೆಳ್ಳಽ ಕಹಿ ಇರಬೇಕು ಅನ್ಕೊಂಡಿದ್ದೆ. ನಿಮ್ಮ ತಪ್ಪು ಇರಬಾರದು ಅಂತ ಆಸೆ ನನಗ. ಬೀರವ್ವಾರ ಎಣಗಾಯಿನೂ ಕಹಿ ಇದ್ದಿದ್ರ ಖುಷಿ ಆಗ್ತಿತ್ತು ನೋಡ್ರಿ.”

“ಇರಲಿಲ್ಲ?”

“ಇರಲಿಲ್ಲ,” ಎಂದ ತಪ್ಪು ಮಾಡಿದವನಂತೆ. “ನನಗ ಹೆಸರ ಇಡಾಕೂ ಬರೂದಿಲ್ಲ, ಸುಳ್ಳು ಹೇಳಾಕೂ ಬರೂದಿಲ್ಲ. ನೀವು ದಿನಾ ಕೇಳೋರು. ನಾ ಏನ್ ಮಾಡ್ಲಿ? ನೀವಽ ಒಮ್ಮೆ ಉಂಡ್ರ ತಿಳೀತೈತಿ ಅನಿಸ್ತು. ಬರಾಕ ಧೈರ್ಯ ಸಾಲಲಿಲ್ಲ.”

ಅಳುವಿನ ನಡುವೆಯೂ ಅವಳಿಗೊಂದು ಅನುಮಾನ ಬಂತು.

“ಕಹಿ ಅಂತ ಗೊತ್ತಿದ್ದೂ ದಿನಾ ಯಾಕ ಬಂದ್ರಿ?”

“ನಾ ಎಣಗಾಯಿ ಸಲುವಾಗಿ ಬರ್ತಿದ್ದಿಲ್ರಿ.”

ಹೇಳಿದವನೇ ಕೆಂಪಗಾದ. ಲ್ಯಾಬಿಗೆ ಹೊತ್ತಾಯಿತು ಅಂತ ಚಪ್ಪಲಿ ಮೆಟ್ಟಿ ಓಡಿಯೇ ಹೋದ! ಮೂಲೆಯಲ್ಲಿದ್ದ ಸಂಗವ್ವ ಮುಖ ಆಚೆ ತಿರುಗಿಸಿಕೊಂಡು ನಕ್ಕಳು.

ದಾಕ್ಷಾಯಿಣಿ ಆ ಪಾತ್ರೆಯ ಎಣಗಾಯಿಯನ್ನು ಬಡಿಸಲೇ ಇಲ್ಲ. ಅವತ್ತು ಬಂದವರಿಗೆ ಬೇಳೆ, ಮೊಳಕೆ ಕಾಳು ಕೊಟ್ಟು ಕಳಿಸಿದಳು. ಮರುದಿನದಿಂದ ಸಂಗವ್ವ ಒಲೆಯ ಹತ್ತಿರ ಕೂತು, “ಉರಿ ಇಳಸು... ಇನ್ನಷ್ಟು... ಹಾಂ, ಈಗ ತಗಿ,” ಅನ್ನುತ್ತಿದ್ದಳು. ಎಡೆಯಾದ ಕೂಡಲೇ ಮಗಳು ಕೂತು ಉಂಡೇ ಬಾಗಿಲು ತೆರೆಯುತ್ತಿದ್ದಳು. ಹಳೆಯ ಗಿರಾಕಿಗಳು ಇಣುಕಿದರು. ಮುಂದಿನ ವಾರಕ್ಕೆ ತಮ್ಮ ಗೆಳೆಯರನ್ನೂ ಕರೆತಂದರು.

ಶಿವಯೋಗೀಶನೂ ಬರತೊಡಗಿದ. ಅವತ್ತಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಇಬ್ಬರ ಮುಖ ನೋಡಿದವರಿಗೆ ಮಾತೇ ಬೇಕಾಗಿರಲಿಲ್ಲ.

ಬಸವ ಜಯಂತಿಯ ದಿನ ಮಾವ ಬಂದ. ಕೂರಲು ಜಾಗವಿರಲಿಲ್ಲ! ಪಾಳಿಯಲ್ಲಿ ನಿಂತು, ಉಂಡು, ಮೀಸೆ ಒರೆಸಿಕೊಂಡ.

“ಮೊಬೈಲ್ ಅಂಗಡಿಯವಗ ಬ್ಯಾರೆ ಜಾಗಾ ನೋಡ್ಕೋ ಅಂತ ಹೇಳ್ತೇನಿ,” ಎಂದು ತಂಗಿ ಸಂಗವ್ವನಿಗೆ ಹೇಳಿ ಹೊರಟ.

ದಾಕ್ಷಾಯಿಣಿ ಗೋಡೆಗೊರಗಿ ಉಸಿರು ಬಿಟ್ಟಳು. ಗಿರಾಕಿಗಳೆಲ್ಲ ಹೋದ ಮೇಲೂ ಶಿವಯೋಗೀಶ ಹೊರಗೆ ನಿಂತೇ ಇದ್ದ. ಅವನಿನ್ನೂ ಉಂಡಿರಲಿಲ್ಲ.

“ನಮ್ಮವ್ವ ನಾಳೆ ಬರ್ತೇನಿ ಅಂತಾಳ... ನಿಮ್ಮವ್ವಾರನ್ನ ಕೇಳಾಕ. ಕರಕೊಂಡ ಬರ್ಲೇನು?”

ಅವಳ ಮುಖ ಅರಳಿತು. ಆದರೂ ಹೇಳಬೇಕಾದದ್ದನ್ನು ಹೇಳಿದಳು.

“ಲಗ್ನ ಆದಮ್ಯಾಲೂ ನಾ ಈ ಒಲಿ ಬಿಡೂದಿಲ್ಲ.”

“ಬಿಡ್ರಿ ಅಂತ ಯಾರಂದ್ರು?”

“ಹಬ್ಬ ಇರಲಿ, ಹುಣ್ಣಿವಿ ಇರಲಿ, ಗಿರಾಕಿ ಹೋದಮ್ಯಾಲಽ ನನಗ ಪುರುಸೊತ್ತು.”

“ಕಾಯ್ತೇನಿ. ಇವತ್ತೂ ಕಾದೇನಲ್ಲ?”

ಇಷ್ಟು ವರ್ಷ ಅವಳು ಎಲ್ಲರ ಊಟಕ್ಕೆ ಕಾದವಳು. ಅವಳಿಗಾಗಿ ಹಸಿದು ಕಾದವರು ಯಾರೂ ಇರಲಿಲ್ಲ. ಹೂಂ ಅಂತ ತಲೆಯಾಡಿಸಿದಳು.

ಅವನು ಒಳಬಂದು ತನ್ನ ಮಾಮೂಲಿ ಖುರ್ಚಿ ಎಳೆದುಕೊಂಡ.

“ಅಲ್ಲಿ ಬ್ಯಾಡ್ರಿ,” ಎಂದಳು. “ಅಲ್ಲಿ ಗಿರಾಕಿ ಕುಂಡ್ರತಾರ.”

“ಮತ್ತ ನಾ ಎಲ್ಲಿ ಕುಂಡ್ರಲಿ?”

ದಾಕ್ಷಾಯಿಣಿ ಅಡುಗೆಮನೆಯ ಬಾಗಿಲು ಪೂರಾ ತೆರೆದಳು.

“ಕಾಲ ತೊಳಕೊಂಡು ಒಳಗ ಬರ್ರಿ.”