ಗೊರವಂಕದ ಗೂಡಿನ ಐದು ದಿನ

"ಟಾರ್ಚ್ ಅಲ್ಲಾಡಿಸಬ್ಯಾಡ ನಿಖತ್. ಹಂಗೇ ಹಿಡ್ಕೊ," ಎಂದರು ರೇವತಿ ಅಕ್ಕ.

ನಿಟ್ಟುವಳ್ಳಿಯ ನಿಖತ್ ಮನೆಯ ಮಾಳಿಗೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ ಗೋಡೆಯ ತೂತಿನಲ್ಲಿ ಗೊರವಂಕದ ಗೂಡಿತ್ತು. ಊರೊಳಗಿನ ಹಕ್ಕಿಮರಿಗಳ ಕಾಲಿಗೆ ನಂಬರಿರುವ ಪುಟ್ಟ ಉಂಗುರ ಹಾಕಿ, ಅವು ಮುಂದೆ ಎಲ್ಲಿಗೆ ಹೋಗುತ್ತವೆಂದು ಗುರುತಿಡುವುದು ರೇವತಿ ಅಕ್ಕನ ಕೆಲಸ. ದಿನಾ ಗೂಡು ನೋಡಿ ಬರೆದಿಡುವುದು ಐದನೇ ಕ್ಲಾಸಿನ ನಿಖತ್ ಕೆಲಸ. ಅಮ್ಮಿಯ ಪೌಡರ್ ಡಬ್ಬಿಯ ಕನ್ನಡಿಯನ್ನು ಕೋಲಿಗೆ ಕಟ್ಟಿ, ತೂತಿನೊಳಗೆ ಚಾಚಿ ನೋಡುತ್ತಿದ್ದಳು. ಈ ಕೆಲಸ ಸಿಕ್ಕಾಗಿನಿಂದ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ರೇವತಿ ಅಕ್ಕ ತೂತಿನೊಳಗೆ ಕೈ ಹಾಕಿದರು. ರೆಕ್ಕೆ ಬಲಿತ ಮರಿಯೊಂದು ಬೆರಳ ಸಂದಿಯಿಂದ ಚಂಗನೆ ನೆಗೆಯಿತು. ಪಕ್ಕದ ಮನೆಯ ತಗಡಿನ ಮೇಲೆ ಬಿದ್ದು, ಜಾರಿ, ಗಲ್ಲಿಯ ಕಡೆ ಕಾಣೆಯಾಯಿತು.

ತೂತಿಗೆ ಬಟ್ಟೆ ಮುಚ್ಚಿ ಇಬ್ಬರೂ ಕೆಳಗೆ ಓಡಿದರು. ನಿಂತಿದ್ದ ಆಟೋದ ಅಡಿ, ಚರಂಡಿಯ ಅಂಚು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಎಲ್ಲ ಹುಡುಕಿದರು. ಮರಿ ಸಿಗಲಿಲ್ಲ. ಅಪ್ಪ ಅಮ್ಮ ಗೊರವಂಕಗಳು ವೈರಿನ ಮೇಲೆ ಕೂತು ಒಂದೇ ಸಮನೆ ಕೂಗುತ್ತಿದ್ದವು. ನಿಖತ್‌ಗೆ ಅಳು ಒತ್ತರಿಸಿ ಬಂತು.

ಮೇಲೆ ಬಂದು ಬಟ್ಟೆ ತೆಗೆದ ರೇವತಿ ಅಕ್ಕ ಉಳಿದ ಮರಿಗಳನ್ನು ಮುಟ್ಟಲಿಲ್ಲ. "ಇಷ್ಟು ಬಲಿತ ಮೇಲೆ ಕೈ ಹಾಕಬಾರದು, ಹೆದರಿ ಹಾರ್ತಾವೆ. ನಿನ್ನ ಬುಕ್ಕಲ್ಲಿ ನೋಡಿದ್ರೆ ಮರಿ ಆಗಿ ಹದಿಮೂರೇ ದಿನ ಆಗೈತಿ."

ಗೂಡಿನಲ್ಲಿ ಇನ್ನೂ ಮೊಟ್ಟೆಗಳಿದ್ದಾಗ ನಿಖತ್ ಹರಿಹರದಲ್ಲಿ ಅಮ್ಮಿಯ ತಂಗಿ ಖಾಲಾ ಮನೆಯ ಮದುವೆಗೆ ಹೋಗಿ ಐದು ದಿನ ಅಲ್ಲೇ ಇದ್ದಳು. ಬಂದು ನೋಡಿದರೆ ಮರಿಗಳಾಗಿದ್ದವು. ಬುಕ್ ಖಾಲಿ ಬಿಟ್ಟರೆ ಕೆಲಸ ಬೇರೆಯವರಿಗೆ ಹೋದೀತೆಂದು ಹೆದರಿ, ಐದೂ ದಿನಕ್ಕೆ 'ನಾಲ್ಕು ಮೊಟ್ಟೆ' ಎಂದು ತುಂಬಿದ್ದಳು. ಆರನೇ ದಿನಕ್ಕೆ 'ಇವತ್ತು ಮರಿ ಆದವು' ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು.

"ಊರೊಳಗಿನ ಮರಿ ಬೇಗ ಬೆಳೀತಾವೇನೋ," ಎಂದರು ರೇವತಿ ಅಕ್ಕ. "ಹದಡಿ ರಸ್ತೆಯ ಇನ್ನೊಂದು ಗೂಡಿಗೂ ತಡ ಮಾಡಬಾರದು. ಅಲ್ಲಿ ನಾಳೆನೇ ರಿಂಗ್ ಹಾಕಿಬಿಡ್ತೀನಿ."

"ಆ ಮರಿಗೆ ಎಷ್ಟು ದಿನ ಅಕ್ಕಾ?"

"ಏಳು."

"ಸಣ್ಣ ಕಾಲಿಗೆ ಹಾಕಿದ್ರೆ ಏನಾಗ್ತೈತಿ?"

"ರಿಂಗ್ ಜಾರಿ ಬೆರಳಿಗೆ ಸಿಕ್ಕಿ ಹಾಕ್ಕೊಂಡ್ರೆ ಕಾಲೇ ಹೋಗ್ತೈತಿ. ಆದ್ರೆ ಇವು ಇಷ್ಟು ಬೇಗ ಬೆಳೆದಿದಾವಲ್ಲ."

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಹಾಕಬ್ಯಾಡ್ರಿ ಅಕ್ಕಾ. ಆ ಐದು ದಿನ ನಾನು ಊರಲ್ಲೇ ಇರಲಿಲ್ಲ. ನೋಡ್ದೇನೆ ಬರೆದೆ."

ರೇವತಿ ಅಕ್ಕ ಬುಕ್ ತೆಗೆದು ಆ ದಿನಗಳ ಸಾಲುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ನಿಖತ್‌ಗೆ.

"ಮೊದ್ಲೇ ಹೇಳಿದ್ರೆ ನಾನಿವತ್ತು ಕೈ ಹಾಕ್ತಿರಲಿಲ್ಲ," ಎಂದರು ಕೊನೆಗೆ. ಬುಕ್ಕಿನಲ್ಲಿ ಆ ಆರೂ ಸಾಲು ಹೊಡೆದು ಹಾಕಿ ಅವಳ ಕೈಗೇ ಕೊಟ್ಟರು. "ಇವತ್ತಿಂದು ಬರಿ."

ನಿಖತ್ ಕನ್ನಡಿ ಚಾಚಿ, ಎರಡು ಸಲ ಎಣಿಸಿ, 'ಗೂಡಿನಲ್ಲಿ ಮೂರು ಮರಿ' ಎಂದು ಬರೆದಳು. ನಾಲ್ಕನೆಯದಕ್ಕೆ 'ಹಾರಿ ಹೋಯಿತು' ಎಂದು ಬರೆಯಲು ಕೈ ಮುಂದಾಯಿತು. ಹಾಗೆ ಬರೆದಿದ್ದರೆ ಅವಳಿಗೂ ಸಮಾಧಾನವಾಗುತ್ತಿತ್ತು.

ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಅವಳು ನಿಧಾನವಾಗಿ ಬರೆದಳು: 'ಒಂದು ಮರಿ, ಗೊತ್ತಿಲ್ಲ.'