ಮಧ್ಯಾಹ್ನದ ಮಂಡಿ

ಫಕೀರವ್ವನ ಮಂಡಿಗೆ ಬಿಗಿದ ಪಟ್ಟಿ ಪ್ರತಿದಿನ ಬೆಳಿಗ್ಗೆ ಒಂದು ತಾಸು ಹಸಿರು ದೀಪ ಹೊತ್ತಿಸಿಕೊಂಡು ಕೆಲಸ ಮಾಡುತ್ತಿತ್ತು. ಸವೆದ ಕೀಲಿನ ಉರಿಯೂತವನ್ನು ಅಳೆದು, ಕೂದಲಿಗಿಂತ ಸಣ್ಣ ಸೂಜಿಗಳಿಂದ ಬೇಕಾದಷ್ಟೇ ಉರಿಶಾಮಕ ಔಷಧವನ್ನು ಒಳಗಿಳಿಸುತ್ತಿತ್ತು. ದಿನದ ಮಿತಿ ಮುಗಿದೊಡನೆ ಸೂಜಿಗಳು ತಾವೇ ಮುಚ್ಚಿಕೊಳ್ಳುತ್ತಿದ್ದವು. ಮಿತಿ ಮೀರಿದರೆ ಆ ಔಷಧ ಮೂತ್ರಪಿಂಡಕ್ಕೆ ವಿಷ. ಪಟ್ಟಿ ಕಟ್ಟಿದಾಗ ಕಾಲು ಮಡಚಬಾರದೆಂದು ಸರ್ಕಾರಿ ಆದೇಶವಿತ್ತು; ದೀಪ ಹತ್ತಿರುವಷ್ಟು ಹೊತ್ತು ಗೋದಾಮಿನ ಮಾಲಕನೂ ಎಬ್ಬಿಸುವಂತಿರಲಿಲ್ಲ. ಎಲ್ಲಕ್ಕೂ ಯಂತ್ರ ಬಂದಿದ್ದರೂ ಬ್ಯಾಡಗಿಯ ಒಣಮೆಣಸಿನಕಾಯಿಯ ತೊಟ್ಟನ್ನು ಮಾತ್ರ ಹೆಂಗಸರೇ ದಿನವಿಡೀ ಕುಕ್ಕರುಗಾಲಲ್ಲಿ ಕೂತು ಮುರಿಯಬೇಕಿತ್ತು.

ಪಟ್ಟಿ ಕೊಟ್ಟ ಇಪ್ಪತ್ತೊಂದನೆಯ ದಿನ ದೀಪ ಕೆಂಪಾಯಿತು. ಆಸ್ಪತ್ರೆಯಿಂದ ಕರೆ ಬಂತು.

"ಬೆಳಿಗ್ಗೆನೇ ನಿಮ್ಮ ಔಷಧದ ಮಿತಿ ಮುಗೀತದ," ಎಂದರು ಪಟ್ಟಿಯನ್ನು ರೂಪಿಸಿದ ಡಾ. ಇಂದುಮತಿ ಪಾವಟೆ. "ಮಧ್ಯಾಹ್ನ ಮತ್ತ ಉರಿಯೂತ ತೋರಸ್ತದ. ಔಷಧ ನಿಮಗ ನಾಟವಲ್ದೇನು?"

ಮಧ್ಯಾಹ್ನದ ಮಂಡಿ ಫಕೀರವ್ವನದಲ್ಲ, ಪಕ್ಕದಲ್ಲಿ ಕೂರುವ ಹುಸೇನಬಿಯದು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತಿದೆ ಎಂದು ಹುಸೇನಬಿಗೆ ಪಟ್ಟಿ ಕೊಟ್ಟಿರಲಿಲ್ಲ. ಅವಳು ಗೋಡೆ ಹಿಡಿದು ಏಳುವುದನ್ನು ನೋಡಲಾರದೆ ಫಕೀರವ್ವ ದಿನಾ ಮಧ್ಯಾಹ್ನ ಒಂದು ತಾಸು ತನ್ನದನ್ನೇ ಕಟ್ಟುತ್ತಿದ್ದಳು. ಈಗ ಎರಡು ದಿನದಿಂದ ಹುಸೇನಬಿ ವಾಂತಿ ಮಾಡಿಕೊಂಡು ಮಲಗಿದ್ದಾಳೆ. ಹೇಳಿದರೆ ಪಟ್ಟಿ ಹೋಗುತ್ತದೆ. ಹೇಳದಿದ್ದರೆ ಜೀವವೇ ಹೋದೀತು.

"ಅದು ನನ್ನ ಮಂಡಿ ಅಲ್ರಿ," ಎಂದು ಎಲ್ಲವನ್ನೂ ಹೇಳಿದಳು. "ನಾನ ಆಕಿಗೆ ವಿಷ ಹಾಕೀನೇನ್ರಿ?"

ಡಾಕ್ಟರು ಕೂಡಲೇ ಗಾಡಿ ಕಳಿಸಿದರು. ಫಕೀರವ್ವ ಹುಸೇನಬಿಯನ್ನು ಆಸ್ಪತ್ರೆಗೆ ಕರೆತಂದಳು, ರಕ್ತ ತೆಗೆದರು. ಫಲಿತಾಂಶಕ್ಕೆ ಕಾಯುತ್ತಾ ಇಬ್ಬರೂ ಬೆಂಚಿನ ಮೇಲೆ ಕೂತರು. ಫಕೀರವ್ವ ಮರೆತು ಮೆಣಸಿನಕಾಯಿಯ ಕೈಯಲ್ಲೇ ಕಣ್ಣೊರೆಸಿಕೊಂಡಳು. ಉರಿ ತಡೆಯದೆ ಮತ್ತಷ್ಟು ನೀರು ಸುರಿಯಿತು.

"ಅಳಬ್ಯಾಡ, ಬೇ," ಎಂದಳು ಹುಸೇನಬಿ. "ಹಳಸಿದ ಸಾರು ಉಂಡಿದ್ದೆ, ಅಷ್ಟ."

ಅವಳ ಮಾತೇ ನಿಜವಾಗಿತ್ತು. ಮೂತ್ರಪಿಂಡ ಮೊದಲಿದ್ದಂತೆಯೇ ಇತ್ತು. ಪಟ್ಟಿಯ ದಾಖಲೆಯನ್ನು ಎರಡು ಸಲ ಓದಿದ ಡಾಕ್ಟರು ಕನ್ನಡಕ ತೆಗೆದಿಟ್ಟರು. ದಿನದ ಮಿತಿ ಬೆಳಿಗ್ಗೆಯೇ ಮುಗಿಯುತ್ತಿದ್ದುದರಿಂದ ಹುಸೇನಬಿಗೆ ಒಂದು ಹನಿ ಔಷಧವೂ ಹೋಗಿರಲಿಲ್ಲ. ಆದರೂ ಅವಳ ಮಂಡಿಯ ಉರಿಯೂತ ಅರ್ಧಕ್ಕಿಳಿದಿತ್ತು.

"ದಿನಾ ಒಂದು ತಾಸು ಕಾಲು ಚಾಚಿ ಕೂತಿದ್ದಿ. ಅದ ಔಷಧ ಆಗೇದ," ಎಂದರು ಡಾಕ್ಟರು. "ನಿನಗ ಪಟ್ಟಿ ಬ್ಯಾಡ. ಸುಮ್ಮನ ಹಂಗ ಕೂತರ ಸಾಕು."

ಹುಸೇನಬಿಯ ಮುಖ ಬಾಡಿತು. "ಪಟ್ಟಿ ಇಲ್ಲದ ಕೂತರ ಮಾಲಕ ಎಬ್ಬಸ್ತಾನ್ರಿ."

ಹದಿನಾಲ್ಕು ವರ್ಷ ಈ ಪಟ್ಟಿಗಾಗಿ ದುಡಿದ ಡಾಕ್ಟರು ಎದ್ದರು. ಕಪಾಟಿನಿಂದ ಹೊಸ ಪಟ್ಟಿಯೊಂದನ್ನು ತೆಗೆದು, ಔಷಧದ ಚೀಲವನ್ನು ಬಿಚ್ಚಿ ಪಕ್ಕಕ್ಕಿಟ್ಟು, ಖಾಲಿ ಪಟ್ಟಿಯನ್ನು ಹುಸೇನಬಿಯ ಮಂಡಿಗೆ ತಾವೇ ಕಟ್ಟಿದರು.

ಫಕೀರವ್ವ ಬಗ್ಗಿ ನೋಡಿದಳು. "ದೀಪ ಹತ್ತತೈತಲ್ರಿ?"

"ಹತ್ತತದ," ಎಂದರು ಡಾಕ್ಟರು. "ಇನ್ನ ಎಷ್ಟು ಮಂದಿ ಇದ್ದೀರಿ ಗೋದಾಮಿನಾಗ?"