ಹಿಡಿಕಾಳಿನ ಡಬ್ಬಿ

“ದೇವರ ಪಾಲು ಎಲ್ಲಿ ಹೋತು? ಬಾಯಿ ಬಿಡ!”

ಮಾರ್ಥವ್ವ ಖಾಲಿ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು. ದೊಡವಾಡದ ಆ ಮನೆಯಲ್ಲಿ ದಿನಾ ಒಲೆ ಹೊತ್ತಿಸುವ ಮೊದಲು ಒಂದು ಹಿಡಿ ಜೋಳ ಆ ಡಬ್ಬಿಗೆ ಬೀಳಬೇಕು, ಭಾನುವಾರ ಅದು ಬೈಲಹೊಂಗಲದ ಚರ್ಚಿಗೆ ಕಾಣಿಕೆಯಾಗಿ ಹೋಗಬೇಕು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ. ಐದು ತಿಂಗಳ ಹಿಂದೆ ಮಗ ಯುವರಾಜನನ್ನು ಮಣ್ಣು ಮಾಡಿ ಬಂದ ವಾರವೂ ಮುದುಕಿ ಅಳುತ್ತಲೇ ಹಿಡಿಕಾಳು ತೆಗೆದಿಟ್ಟಿದ್ದಳು! ಇಂದು ಚರ್ಚಿಗೆ ಹೊರಟು ನಿಂತರೆ ಡಬ್ಬಿಯಲ್ಲಿ ಒಂದು ಕಾಳಿಲ್ಲ.

ಸೊಸೆ ಸಪ್ನಾ ಬಾಗಿಲಿಗೆ ಒರಗಿ ನಿಂತಿದ್ದಳು. ಸುಳ್ಳು ಹೇಳಬಹುದಿತ್ತು, ಪಾಪ, ಹೇಳಲು ಬರಲಿಲ್ಲ.

“ನೀಲವ್ವಗ ಕೊಟ್ಟೇನ್ರಿ, ಅತ್ತಿ.”

ನೀಲವ್ವ! ಕುಡಿದು ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ಯುವರಾಜನ ಬೈಕಿನ ಮೇಲೆ ಹಾಯಿಸಿದ ಭರಮಪ್ಪನ ಹೆಂಡತಿ! ಅವನು ಜೈಲಿಗೆ ಹೋದ ಮೇಲೆ ಎಳೆಗೂಸು ಕಟ್ಟಿಕೊಂಡು ಊರ ಕೊನೆಯ ತಗಡಿನ ಮನೆಯಲ್ಲಿದ್ದಳು. ಅವಳನ್ನು ಯಾರೂ ಕೂಲಿಗೆ ಕರೆಯುತ್ತಿರಲಿಲ್ಲ.

ಮಾರ್ಥವ್ವ ಸೊಸೆಯ ಎದುರಿಗೇ ಬಂದು ನಿಂತಳು. “ನನ್ನ ಮಗನ್ನ ಕೊಂದಾವನ ಮನಿಗಿ! ಯುವರಾಜ ನಿನ್ನ ಗಂಡ ಇದ್ದಿಲ್ಲೇನ? ನಿನ್ನ ಕರುಳು ಕಲ್ಲಾಗೇತೇನ?”

“ನನಗೂ ಉರೀತೈತ್ರಿ, ಅತ್ತಿ... ಆಕಿ ಮಾರಿ ನೋಡಿದ್ರ ರಕ್ತ ಕುದೀತೈತಿ. ಆದ್ರ ಆಕಿ ಎರಡ ದಿನ ಉಂಡಿದ್ದಿಲ್ಲ. ಎದಿಯಾಗ ಹಾಲಿಲ್ಲ, ಕೂಸಿಗೆ ಅಳಾಕೂ ತ್ರಾಣ ಇಲ್ಲ. ಯೇಸುಸ್ವಾಮಿನ ಆ ತಗಡಿನ ಮನಿಯಾಗ ಹಸದು ಕುಂತಂಗ ಅನ್ನಿಸ್ತ್ರಿ...”

“ನನಗ ಸುವಾರ್ತಿ ಹೇಳಾಕ ಬಂದಿ? ಅರಿವಿ ಕಟ್ಟು! ರಾಮದುರ್ಗಕ್ಕ ನಿಮ್ಮವ್ವನ ಕಡೆ ನಡಿ. ಮತ್ತ ಈ ಮನಿಗಿ ಕಾಲಿಡಬ್ಯಾಡ!”

ಆ ಮನೆ ಬಿಟ್ಟರೆ ಸಪ್ನಾಳಿಗೆ ಗತಿಯಿರಲಿಲ್ಲ. ತವರಿನಲ್ಲಿ ಅವ್ವನೇ ಅಣ್ಣನ ಹಂಗಿನಲ್ಲಿದ್ದಳು. ತಪ್ಪಾಯಿತು ಎಂದಿದ್ದರೆ ಸಾಕಿತ್ತು... ಅದೊಂದು ಮಾತು ಅವಳ ಬಾಯಿಂದ ಹೊರಡಲಿಲ್ಲ. ಚೀಲಕ್ಕೆ ಸೀರೆ ತುಂಬಿದಳು.

ಅಷ್ಟರಲ್ಲಿ ಜಗಳದ ಸುದ್ದಿ ಕೇಳಿ ನೀಲವ್ವ ಓಡಿ ಬಂದಳು. ಕಂಕುಳಲ್ಲಿ ಕೂಸು, ಸೆರಗಿನಲ್ಲಿ ಉಳಿದಿದ್ದ ಜೋಳ. ಹೊಸ್ತಿಲ ಆಚೆಯೇ ಕುಸಿದು ಕುಳಿತಳು.

“ತಗೋರಿ ಎವ್ವಾ... ಆಕಿನ್ನ ಹೊರಗ ಹಾಕಬ್ಯಾಡ್ರಿ. ನಾವು ಸತ್ರೂ ಚಿಂತಿಲ್ಲ...”

ಕೂಸು ಸಣ್ಣಗೆ ನರಳಿತು. ಮಾರ್ಥವ್ವ ಮುಖ ತಿರುಗಿಸಿದಳು. ಮತ್ತೆ ನರಳಿತು. ಮುದುಕಿ ಹಲ್ಲು ಕಚ್ಚಿ ನಿಂತಳು, ಕಣ್ಣೀರು ಮಾತ್ರ ನಿಲ್ಲಲಿಲ್ಲ.

“ನಿನ್ನ ಗಂಡನ್ನ ಕ್ಷಮಾ ಮಾಡಾಕ ನನ್ನ ಕಡಿಂದ ಆಗೂದಿಲ್ಲ,” ಎಂದಳು ಕೊನೆಗೆ. “ದೇವರ ಬಂದು ಕೇಳಿದ್ರೂ ಇವತ್ತ ಆಗೂದಿಲ್ಲ... ರೊಟ್ಟಿ ಬಡಿಯಾಕ ಆಗತೈತಿ. ಒಳಗ ಬಾ.”

ಆಮೇಲೆ ಸೊಸೆಯತ್ತ ತಿರುಗಿ ಗದರಿದಳು. “ನಿಂತು ಏನ್ ನೋಡ್ತಿ? ಚೀಲ ಇಡು, ಕೂಸಿನ್ನ ಎತ್ಕೋ!”

ಬೈಲಹೊಂಗಲದ ಬಸ್ಸು ಹೋಯಿತು. ಮಾರ್ಥವ್ವ ಮಗನ ಹೆಸರು ಹೇಳಿಕೊಂಡು ಅಳುತ್ತಲೇ ಹಿಟ್ಟು ನಾದುತ್ತಿದ್ದಳು.